ಬಚ್ಚಲ ಒಲೆಯ ಲೆಕ್ಕ



ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ ಬೆಳಗಿನ ಜಾವ ಹಂಚಿನ ಸಂದಿಗಳಿಂದ ಹೊಗೆ ಏಳುವುದನ್ನು ನೀವು ನೋಡಿರುತ್ತೀರಿ. ಅಡುಗೆಮನೆಗೆ ಗ್ಯಾಸ್ ಬಂದಿರುವ ಎಷ್ಟೋ ಮನೆಗಳಲ್ಲೂ ಸ್ನಾನದ ನೀರು ಕಾಯುವುದು ಬಚ್ಚಲ ಒಲೆಯಲ್ಲೇ. ಹಂಡೆಯ ಕೆಳಗೆ ದೊಡ್ಡ ಬಾಯಿ, ಅದರಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಚಾಚಿಕೊಂಡ ದಿಮ್ಮಿ. ಈ ಒಲೆ ಎಷ್ಟು ಸೌದೆ ತಿನ್ನುತ್ತದೆಂದು ಎಂದಾದರೂ ಲೆಕ್ಕ ಹಾಕಿದ್ದೀರಾ?

ಹಂಡೆಯಲ್ಲಿ 40 ಲೀಟರ್ ನೀರಿದೆ ಎನ್ನಿ. ಅದನ್ನು 20 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು. ಒಂದು ಲೀಟರ್ ನೀರಿನ ಉಷ್ಣತೆ ಒಂದು ಡಿಗ್ರಿ ಏರಲು 4.2 ಕಿಲೋಜೌಲ್ ಶಾಖ ಬೇಕು. ಹಾಗಾದರೆ ಒಟ್ಟು 6,720 ಕಿಲೋಜೌಲ್. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 16,000 ಕಿಲೋಜೌಲ್ ಶಕ್ತಿ ಅಡಗಿರುತ್ತದೆ. ಅರ್ಧ ಕಿಲೋ ಸೌದೆಯೂ ಬೇಡ! ಆದರೆ ಹಳೆಯ ತೆರೆದ ಒಲೆಯಲ್ಲಿ ಶಾಖದ ಹತ್ತನೆಯ ಒಂದು ಭಾಗವಷ್ಟೇ ಪಾತ್ರೆಗೆ ಸೇರುತ್ತದೆಂದು ಹಿಡಿದರೆ, ಬೇಕಾಗುವುದು 4.2 ಕಿಲೋ.

ಉಳಿದದ್ದು ಎಲ್ಲಿ ಹೋಯಿತು? ಸೌದೆ ನೇರವಾಗಿ ಉರಿಯುವುದಿಲ್ಲ. ಕಾದಾಗ ಅದರಿಂದ ಅನಿಲಗಳು ಹೊರಡುತ್ತವೆ. ನಾವು ಜ್ವಾಲೆ ಎನ್ನುವುದು ಬಹುಮಟ್ಟಿಗೆ ಈ ಅನಿಲಗಳ ಉರಿ. ಸಾಕಷ್ಟು ಕಾವು, ಸರಿಯಾದ ಗಾಳಿ ಎರಡೂ ಸಿಗದಿದ್ದರೆ ಅವು ಉರಿಯದೆ ಹೊಗೆಯಾಗುತ್ತವೆ. ಕಣ್ಣುರಿಸುವ ಆ ಹೊಗೆ ವ್ಯರ್ಥವಾದ ಸೌದೆಯೇ. ಇನ್ನು ಅಗಲ ಬಾಯಿಯಿಂದ ನುಗ್ಗುವ ತಣ್ಣನೆಯ ಗಾಳಿ ಹುಟ್ಟಿದ ಶಾಖವನ್ನೂ ಹೊತ್ತೊಯ್ಯುತ್ತದೆ. ಸೊರಬದ ಮಳೆಗಾಲದಲ್ಲಿ ಹಸಿ ಸೌದೆ ಬಂತೆಂದರೆ ಕೇಳುವುದೇ ಬೇಡ. ಒಂದು ಕಿಲೋ ಸೌದೆಯಲ್ಲಿ ಅರ್ಧ ನೀರೇ ಇದ್ದರೆ ಆ ನೀರನ್ನು ಕಾಯಿಸಿ ಆವಿಯಾಗಿಸಲು ಸುಮಾರು 1,300 ಕಿಲೋಜೌಲ್ ಬೇಕು. ಒಲೆಯ ಕಾವು ಇಳಿದು ಹೊಗೆ ಇನ್ನೂ ಹೆಚ್ಚುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಘಟಕ ಆರಂಭವಾಯಿತು. ಗ್ರಾಮಗಳಿಗೆ ಒದಗುವ ವಿಜ್ಞಾನ ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಗ್ರಾಮ ಕೇಂದ್ರವಿತ್ತು. 1980ರ ದಶಕದಲ್ಲಿ ನಾಡಿಗೆ ಪರಿಚಯವಾದ 'ಅಸ್ತ್ರ ಒಲೆ' ಈ ಘಟಕದ್ದೇ. ಅಡುಗೆಗೆಂದು ಮಾಡಿದ ಈ ಮೂರು ಪಾತ್ರೆಗಳ ಒಲೆಯ ತತ್ತ್ವ ಬಚ್ಚಲಿಗೂ ಸಲ್ಲುತ್ತದೆ. ಉರಿಗೂಡು ಚಿಕ್ಕದು, ಅದರ ಬಾಯಿಗೆ ಮುಚ್ಚಳ. ಸೌದೆ ನೆಲದ ಮೇಲಲ್ಲ, ಕಬ್ಬಿಣದ ಜಾಲರಿಯ ಮೇಲೆ. ಗಾಳಿ ಕೆಳಗಿನಿಂದ ಬರುತ್ತದೆ. ಪಾತ್ರೆ ಸಂದಿಯಿಲ್ಲದೆ ಕೂರುತ್ತದೆ. ಬಿಸಿ ಅನಿಲ ಒಂದರ ನಂತರ ಒಂದು ಪಾತ್ರೆಯ ತಳವನ್ನು ಸವರಿ ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ. ಪ್ರಯೋಗಾಲಯದಲ್ಲಿ ಶಾಖದ ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ಪಾತ್ರೆಗೆ ಸಂದಿತ್ತು.

ಮನೆಯ ಬಳಕೆಯಲ್ಲಿ ಶೇಕಡ 30 ಸಿಕ್ಕರೂ ನಮ್ಮ ಹಂಡೆಗೆ 1.4 ಕಿಲೋ ಸಾಕು. ದಿನಕ್ಕೆ 2.8 ಕಿಲೋ ಉಳಿತಾಯ. ವರ್ಷಕ್ಕೆ ಸುಮಾರು ಒಂದು ಟನ್ನು. ಅದು ತಲೆಹೊರೆಯಲ್ಲಿ ಎಷ್ಟು ಸಲವೆಂದು ಸೌದೆ ತರುವವರನ್ನೇ ಕೇಳಿ.

ಇಷ್ಟು ಒಳ್ಳೆಯ ಒಲೆ ಎಲ್ಲ ಮನೆಗಳಲ್ಲೂ ಯಾಕಿಲ್ಲ? ಸುಧಾರಿತ ಒಲೆಗಳಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮವೊಂದು 1980ರ ದಶಕದಿಂದ 2002ರವರೆಗೆ ನಡೆಯಿತು. ಕಟ್ಟಿಸಿಕೊಂಡ ಒಲೆಗಳಲ್ಲಿ ಎಷ್ಟೋ ಮೂಲೆಗುಂಪಾದವು. ಬಳಸುವವರನ್ನು ದೂರುವುದು ಸುಲಭ, ಆದರೆ ಸರಿಯಲ್ಲ. ಚಿಕ್ಕ ಬಾಯಿಗೆ ಸೌದೆಯನ್ನು ಚಿಕ್ಕದಾಗಿ ಸೀಳಬೇಕು. ಆ ಕೆಲಸ ಬಿದ್ದದ್ದು ಹೆಚ್ಚಾಗಿ ಹೆಂಗಸರ ಮೇಲೆ. ಅಳತೆ ತಪ್ಪಿ ಕಟ್ಟಿದ ಒಲೆ ಹಳೆಯದಕ್ಕಿಂತ ಹೆಚ್ಚು ಹೊಗೆ ಕಾರುತ್ತದೆ. ಅಟ್ಟದ ಮೇಲಿನ ಕಾಳಿಗೆ, ಬುಟ್ಟಿಗೆ ಹುಳು ಹಿಡಿಯದಂತೆ ಹೊಗೆ ಬೇಕೆಂದು ಅಜ್ಜಿ ಹೇಳಿದರೆ ಅದರಲ್ಲೂ ನಿಜವಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ಇಂಥ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಜನ ಸತ್ತರು. ಅಟ್ಟಕ್ಕೆ ಬೇರೆ ಉಪಾಯ ಹುಡುಕಬಹುದು.

ನಿಮ್ಮ ಮನೆಯ ಬಚ್ಚಲ ಒಲೆಯನ್ನು ಬದಲಿಸುವ ಮಾತು ಬಂದರೆ ಮೊದಲು ಒಂದು ವಾರ ದಿನವೂ ಸೌದೆ ತೂಗಿ ಬರೆದಿಡಿ. ಸ್ನಾನ ಮಾಡಿದವರೆಷ್ಟು ಎಂಬುದನ್ನೂ ಬರೆಯಿರಿ. ಒಲೆಯನ್ನು ನಿಮ್ಮ ಹಂಡೆಯ ಅಳತೆಗೇ ಕಟ್ಟಿಸಿ. ಅನುಭವವಿರುವ ಕೆಲಸಗಾರರೇ ಬೇಕು. ಸೋಗೆ ಮಾಡಿನ ಹತ್ತಿರ ಹೊಗೆ ಕೊಳವೆ ಹಾಯುವುದು ಬೇಡ, ಕಿಡಿಯ ಭಯ. ಒಲೆ ಒಣಗಿದ ಮೇಲೆ ಮತ್ತೊಂದು ವಾರ ತೂಗಿ. ಮೊದಮೊದಲು ಉಳಿದ ಸೌದೆ ಕೆಲವು ತಿಂಗಳಲ್ಲಿ ಮತ್ತೆ ಹೆಚ್ಚು ಬೇಕಾದರೆ ಕೊಳವೆಯೊಳಗೆ ಇಣುಕಿ ನೋಡಿ, ಮಸಿ ಕಟ್ಟಿರುತ್ತದೆ.