ಅಂಗೈ ಮೇಲಿನ ಮಾರುತ್‌ಗೆ ಕಾಡಿನ ಬಣ್ಣ

ಬೆಳಗಾವಿ ಬಳಿಯ ಖಾನಾಪುರದ ಕಾಡಿನಲ್ಲಿ ತರಗೆಲೆಗಳ ನಡುವೆ ಕೂತ ನತ್ತಿಂಗ ಹಕ್ಕಿ ತೀರ ಹತ್ತಿರ ಹೋದರೂ ಕಣ್ಣಿಗೆ ಬೀಳುವುದಿಲ್ಲ. ಮೈಬಣ್ಣ ನೆಲದ ಬಣ್ಣವನ್ನು ಹೋಲುತ್ತದೆ ಎಂಬುದು ಅರ್ಧ ಕಾರಣ ಮಾತ್ರ. ಯಾವುದೇ ವಸ್ತುವನ್ನು ನಮ್ಮ ಕಣ್ಣು ಹೆಚ್ಚಾಗಿ ಗುರುತಿಸುವುದು ಅದರ ಅಂಚಿನಿಂದ. ಹಕ್ಕಿಯ ಮೈಮೇಲಿನ ಕಂದು, ಕಪ್ಪು, ಬೂದು ಮಚ್ಚೆಗಳು ಆ ಅಂಚನ್ನೇ ಅಲ್ಲಲ್ಲಿ ಕಡಿದುಹಾಕುತ್ತವೆ.

ಯುದ್ಧವಿಮಾನದ ಕ್ಯಾಮೊಫ್ಲಾಜ್ (ಮರೆಮಾಚುವ ಬಣ್ಣ) ಕೂಡ ಇದೇ ತತ್ವದ್ದು. 1965ರ ಭಾರತ-ಪಾಕಿಸ್ತಾನ ಯುದ್ಧ ಶುರುವಾದಾಗ ನಮ್ಮ ವಾಯುಪಡೆಯ ಹಲವು ವಿಮಾನಗಳದ್ದು ಹೊಳೆಯುವ ಲೋಹದ ಮೈ. ಯುದ್ಧದ ನಡುವೆಯೇ ಅವಕ್ಕೆ ಬಣ್ಣ ಬಳಿದರು. ಜರ್ಮನ್ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್ ರೂಪಿಸಿದ, 1961ರ ಜೂನ್ 17ರಂದು ಮೊದಲು ಹಾರಿದ ಯುದ್ಧವಿಮಾನ ಮಾರುತ್ ಕೂಡ ಮುಂದೆ ಹಸಿರು-ಮಣ್ಣಿನ ಬಣ್ಣ ತೊಟ್ಟಿತು.

ಸುಮಾರು 16 ಮೀಟರ್ ಉದ್ದದ ಮಾರುತ್, ಹವ್ಯಾಸಿಗಳು ಜೋಡಿಸಿ ಬಣ್ಣ ಬಳಿಯುವ 1:72 ಅನುಪಾತದ ಪುಟ್ಟ ಮಾದರಿಯಲ್ಲಿ 22 ಸೆಂ.ಮೀ.ಗೆ ಇಳಿಯುತ್ತದೆ. ಸವಾಲು ಇರುವುದು ಎರಡು ಬಣ್ಣ ಕೂಡುವ ಗೆರೆಯಲ್ಲಿ. ನಿಜ ವಿಮಾನದಲ್ಲಿ ಬಣ್ಣಗಳು 5 ಸೆಂ.ಮೀ. ಅಗಲದಲ್ಲಿ ಒಂದರೊಳಗೊಂದು ಕರಗಿದರೆ, ಮಾದರಿಯಲ್ಲಿ ಅದು 0.7 ಮಿ.ಮೀ. ಮಾತ್ರ. ಅಲ್ಲಿ 5 ಮಿ.ಮೀ. ಹರಡಿತೆಂದರೆ, ನಿಜ ವಿಮಾನದ ಲೆಕ್ಕದಲ್ಲಿ 36 ಸೆಂ.ಮೀ. ಹರಡಿದಂತೆ! ಎಷ್ಟೇ ಅಚ್ಚುಕಟ್ಟಾಗಿ ಜೋಡಿಸಿದ್ದರೂ ಆಟಿಕೆಯಂತೆ ಕಾಣುವುದು ಆಗಲೇ.

ಈ ಕೂದಲೆಳೆಯ ಕೆಲಸಕ್ಕೆ ಬೇಕಾದ ಯಂತ್ರ ಏರ್‌ಬ್ರಷ್. ಅದರ ಮೂತಿಯ ರಂಧ್ರ 0.2ರಿಂದ 0.3 ಮಿ.ಮೀ.; ಒಳಗೊಂದು ಚೂಪು ಸೂಜಿ. ಕಂಪ್ರೆಸರ್‌ನಿಂದ ರಭಸವಾಗಿ ಬರುವ ಗಾಳಿ ಮೂತಿಯ ತುದಿಯಲ್ಲಿ ಒತ್ತಡ ತಗ್ಗಿಸಿ ಬಣ್ಣವನ್ನು ಹೊರಗೆಳೆಯುತ್ತದೆ, ಎಳೆದದ್ದನ್ನು ಒಡೆದು ಮಂಜಾಗಿಸುತ್ತದೆ. ಗುಂಡಿ ಒತ್ತಿದರೆ ಗಾಳಿ. ಹಿಂದಕ್ಕೆಳೆದರೆ ಸೂಜಿ ಸರಿದು ಬಣ್ಣ. ಎಳೆದಷ್ಟೂ ಗೆರೆ ದಪ್ಪ.

ಬಣ್ಣವನ್ನು ಹಾಲಿನಷ್ಟು ತೆಳುಮಾಡಿ, ಒತ್ತಡವನ್ನು 1 ಬಾರ್ ಆಸುಪಾಸಿಗೆ ಇಳಿಸಿ, ಮೂತಿಯನ್ನು ಒಂದೆರಡು ಸೆಂ.ಮೀ. ಹತ್ತಿರ ಹಿಡಿದರೆ ಸಣ್ಣ ಗೆರೆ ಮೂಡುತ್ತದೆ. ದೂರ ಹಿಡಿದರೆ ಹನಿಗಳು ದಾರಿಯಲ್ಲೇ ಒಣಗಿ ಮೈ ಒರಟಾಗುತ್ತದೆ. ಬಣ್ಣ ನೀರಾಗಿ ಗಾಳಿ ಜೋರಾದರೆ ಹನಿ ಮೈಮೇಲೆ ಕವಲೊಡೆದು ಓಡುತ್ತದೆ. ಕತ್ತರಿಸಿದ ಕಾಗದವನ್ನು ಮಾದರಿಗೆ ಅಂಟಿಸದೆ 1 ಮಿ.ಮೀ. ಎತ್ತರಿಸಿಟ್ಟು ಸಿಂಪಡಿಸಿದರೆ, ಅಂಚು ಬೇಕಾದಷ್ಟೇ ಮೃದುವಾಗುತ್ತದೆ. ಎತ್ತರ ಹೆಚ್ಚಿದಷ್ಟೂ ಮೃದುತನ ಹೆಚ್ಚು.

ಈ ಕೈಚಳಕ ಬೆಳಗಾವಿಗೆ ಹೊಸದಲ್ಲ. ಚೌತಿಗೆ ಮುಂಚೆ ಗಣಪತಿ ಮೂರ್ತಿಗಳ ಕೆನ್ನೆಗೆ, ಪೀತಾಂಬರದ ಮಡಿಕೆಗೆ ನೆರಳುಬಣ್ಣ ಕೊಡುವ ಕಲಾವಿದರು ಬಳಸುವುದೂ ಗಾಳಿಯಿಂದ ಬಣ್ಣ ಚಿಮ್ಮಿಸುವ ಇದೇ ಬಗೆಯ ಸಲಕರಣೆಯನ್ನು. ವಾಯುಪಡೆಯ ತರಬೇತಿ ಶಾಲೆ ಇರುವ ಸಾಂಬ್ರಾ ಕೂಡ ನಗರದ ಪಕ್ಕದಲ್ಲೇ ಇದೆ. ನಮ್ಮ ಶಾಲೆಗಳು ಆ ಕಲಾವಿದರನ್ನು ಕರೆಸಿ, ಮಕ್ಕಳ ಕೈಗೊಂದು ಪುಟ್ಟ ಮಾರುತ್ ಕೊಡಲಿ. ಅನುಪಾತ, ಗಾಳಿಯ ಒತ್ತಡ, ಕಣ್ಣಿನ ಗ್ರಹಿಕೆ ಮೂರನ್ನೂ ಒಂದೇ ಮಧ್ಯಾಹ್ನ ಕಲಿಸಬಲ್ಲ ಪಾಠ ಇದು.