ಎರಡು ತುಂಡಾದ ಎಡಿಟರ್

1976ರ ಸುಮಾರಿಗೆ ಬರ್ಕ್ಲಿಯ ವಿದ್ಯಾರ್ಥಿ ಬಿಲ್ ಜಾಯ್ ಮನೆಯಲ್ಲಿ ಕೂತು, ಮೋಡೆಮ್ ಮೂಲಕ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದರು. ವೇಗ 300 ಬಾಡ್, ಅಂದರೆ ಸೆಕೆಂಡಿಗೆ 30 ಅಕ್ಷರ. 80 ಅಕ್ಷರದ 24 ಸಾಲುಗಳ ಪರದೆ ತುಂಬಲು ಒಂದು ನಿಮಿಷವೂ ಸಾಲದು. ಹಾಗಾಗಿ ಅವರು ಬರೆದ ವಿಐ ಎಡಿಟರಿನ ಆಜ್ಞೆಗಳು ಒಂದೆರಡು ಅಕ್ಷರಕ್ಕೇ ಮುಗಿಯುತ್ತವೆ. ಸಾಲೊಂದನ್ನು ಅಳಿಸಿದರೆ ಪರದೆಯನ್ನು ಮತ್ತೆ ಬರೆಯುವ ಗೋಜಿಗೆ ಹೋಗದೆ, ಆ ಜಾಗದಲ್ಲೊಂದು ಆ್ಯಟ್ ಚಿಹ್ನೆ ಇಟ್ಟು ಸುಮ್ಮನಾಗುತ್ತಿತ್ತು. ಜಿಪುಣತನವೂ ಒಂದು ಕಲೆಯೇ.

ಮುಂದೆ ದಶಕಗಳ ಕಾಲ, ದೂರದ ಯಂತ್ರದ ಫೈಲು ತಿದ್ದಲು ಹೆಚ್ಚಿನವರಿಗೆ ಇದ್ದದ್ದು ಎರಡೇ ದಾರಿ: ಎಡಿಟರನ್ನೇ ಅಲ್ಲಿ ಓಡಿಸುವುದು, ಇಲ್ಲವೇ ಫೈಲನ್ನು ಇಲ್ಲಿಗೆ ತಂದು ತಿದ್ದಿ ವಾಪಸು ಕಳಿಸುವುದು. 1995ರಲ್ಲಿ ಫಿನ್ಲೆಂಡಿನ ತಾತು ಯೂಲೊನೆನ್, ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕಳವಾದ ಮೇಲೆ ಎಸ್‌ಎಸ್‌ಎಚ್ ಬರೆದು ಈ ಓಡಾಟವನ್ನು ಭದ್ರಗೊಳಿಸಿದರು, ಅಷ್ಟೆ.

ಮೂರನೆಯ ದಾರಿ ಸಿಕ್ಕಿದ್ದು ಬೇರೇನೋ ಮಾಡಹೊರಟಾಗ. 2011ರಲ್ಲಿ ಮೈಕ್ರೋಸಾಫ್ಟ್ ಸೇರಿದ ಎರಿಕ್ ಗಾಮಾ ಅವರ ಜ್ಯೂರಿಕ್ ತಂಡ ಮೊದಲು ಕಟ್ಟಿದ್ದು ಬ್ರೌಸರಿನೊಳಗಿನ ಎಡಿಟರ್. 2015ರಲ್ಲಿ ಅದರಿಂದಲೇ ವಿಎಸ್ ಕೋಡ್ ಬಂತು. ಯಾರ್ಯಾರೋ ಬರೆದ ಎಕ್ಸ್‌ಟೆನ್ಷನ್‌ಗಳು ಕೈಕೊಟ್ಟರೂ ಟೈಪ್ ಮಾಡುವವರ ಪರದೆ ತಡವರಿಸಬಾರದೆಂದು ಅವನ್ನು ಬೇರೆಯೇ ಪ್ರೋಸೆಸ್ಸಿನಲ್ಲಿ ಕೂರಿಸಿದ್ದರು. ಪರದೆಗೂ ಅದಕ್ಕೂ ಸಂದೇಶಗಳಲ್ಲಷ್ಟೇ ಮಾತುಕತೆ. ಸಂದೇಶ ತಲುಪುವುದಾದರೆ ಆ ಪ್ರೋಸೆಸ್ ಇದೇ ಯಂತ್ರದಲ್ಲಿದ್ದರೇನು, ಇನ್ನೊಂದು ಊರಿನಲ್ಲಿದ್ದರೇನು? 2019ರ ಮೇ ತಿಂಗಳಲ್ಲಿ ವಿಎಸ್ ಕೋಡಿಗೆ ಬಂದ ರಿಮೋಟ್ ಎಸ್‌ಎಸ್‌ಎಚ್ ಅದನ್ನು ದೂರದ ಯಂತ್ರಕ್ಕೆ ಸಾಗಿಸಿಯೇಬಿಟ್ಟಿತು. ಅಕ್ಷರ ಮೂಡುವುದು ಇಲ್ಲಿ, ಕೋಡನ್ನು ಜಾಲಾಡುವುದು ಅಲ್ಲಿ.

ಹಲವು ಯಂತ್ರಗಳನ್ನು (ನೋಡ್) ಜೋಡಿಸಿದ ಕ್ಲಸ್ಟರಿಗೆ ಬಂದಾಗ ಮಾತ್ರ ಈ ಉಪಾಯ ಎಡವುತ್ತದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಶುರುವಾದ, 3.3 ಪೆಟಾಫ್ಲಾಪ್ಸ್ ತಾಕತ್ತಿನ ಪರಮ್ ಪ್ರವೇಗದಂಥ ಯಂತ್ರಗಳಲ್ಲಿ ನಾವು ಮೊದಲು ಕಾಲಿಡುವುದು ಲಾಗಿನ್ ನೋಡ್‌ಗೆ. ಅದು ಎಲ್ಲರೂ ಬಂದು ಕೂರುವ ಜಗಲಿ. ಒಬ್ಬೊಬ್ಬರ ಎಡಿಟರೂ ಅಲ್ಲಿ ಸಾವಿರಾರು ಫೈಲುಗಳ ಮೇಲೆ ಕಣ್ಣಿಟ್ಟು ಕೂತರೆ ಉಳಿದವರ ಕೆಲಸ ತೆವಳತೊಡಗುತ್ತದೆ. ಕೆಲವು ಕ್ಲಸ್ಟರ್‌ಗಳವರು ಇದನ್ನು ನಿಷೇಧಿಸಿಯೂ ಇದ್ದಾರೆ, ತಪ್ಪೇನಲ್ಲ. ಅದಕ್ಕೇ ಬಲ್ಲವರು, ಅನುಮತಿ ಇರುವ ಕಡೆ, ಮೊದಲು ನೋಡ್‌ಗಳನ್ನು ಹಂಚುವ ತಂತ್ರಾಂಶವಾದ ಸ್ಲರ್ಮ್‌ನಿಂದ ಲೆಕ್ಕ ಓಡಿಸುವ ಕಂಪ್ಯೂಟ್ ನೋಡ್ ಪಡೆಯುತ್ತಾರೆ. ಆಮೇಲೆ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿಗೆ ಪ್ರಾಕ್ಸಿಜಂಪ್ ಎಂಬ ಒಂದು ಸಾಲು ಸೇರಿಸಿ, ಲಾಗಿನ್ ನೋಡನ್ನು ದಾಟಿ ನೇರ ಅಲ್ಲಿಗೇ ಇಳಿಯುತ್ತಾರೆ. ಗಡುವು ಮುಗಿದೊಡನೆ ಸ್ಲರ್ಮ್ ಅಲ್ಲಿನ ಅರ್ಧವನ್ನು ಕೊಂದುಹಾಕುತ್ತದೆ. ಸೇವ್ ಮಾಡದ ಸಾಲುಗಳು ಲ್ಯಾಪ್‌ಟಾಪಿನಲ್ಲಿರುವ ಅರ್ಧದಲ್ಲಿ ಹಾಗೇ ಇರುತ್ತವೆ.