ಬಸವನ ಪಾದದ ನೀರು

ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು. ಗುರು, ಲಿಂಗ, ಜಂಗಮರ ಪಾದ ಸೋಕಿದ ನೀರನ್ನು ಭಕ್ತನು ಹನಿಯೂ ನೆಲಕ್ಕೆ ಬೀಳದಂತೆ ಸ್ವೀಕರಿಸುತ್ತಾನೆ. ನೀರಿಗೆ ಇಷ್ಟು ಗೌರವ ಕೊಟ್ಟ ಪರಂಪರೆ ನಮ್ಮದು. ಆದರೆ ಬಸವನ ಪಾದದಲ್ಲಿಯೇ ಹುಟ್ಟಿದ ನದಿಯನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ?

ಬೆಂಗಳೂರು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ವೃಷಭಾವತಿ ಹುಟ್ಟುತ್ತಾಳೆಂಬುದು ಹಿರಿಯರ ನಂಬಿಕೆ. ಮಲ್ಲೇಶ್ವರದ ಕಾಡು ಮಲ್ಲೇಶ್ವರನ ಎದುರಿನ ನಂದಿತೀರ್ಥವನ್ನು ಮೂಲವೆನ್ನುವವರೂ ಉಂಟು. ಮೂಲ ಎಲ್ಲಿಯೇ ಇರಲಿ, ಹೆಸರು ಬಸವನದೇ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಇದೇ ನದಿಯ ದಡದಲ್ಲಿದೆ. ಇಂದು ಆ ದಾರಿಯಲ್ಲಿ ಸಾಗುವವರು ಮೂಗು ಮುಚ್ಚಿಕೊಂಡು ಇದನ್ನು ‘ಕೆಂಗೇರಿ ಮೋರಿ’ ಎನ್ನುತ್ತಾರೆ.

ಈ ಮೋರಿಯನ್ನು ಮಾಡಿದವರು ಯಾರು? ಪೀಣ್ಯ ಮೊದಲಾದ ಕಡೆಗಳ ಕೆಲವು ಕಾರ್ಖಾನೆಗಳಿಂದ ಲೋಹಲೇಪನದ ಮತ್ತು ಬಣ್ಣದ ನೀರು ಬಂದು ಸೇರುವುದು ನಿಜ. ಆದರೆ ಹೆಚ್ಚಿನ ಪಾಲು ನಮ್ಮ ಮನೆಗಳ ಬಚ್ಚಲು, ಶೌಚಾಲಯಗಳದು. 1974ರಿಂದ ಕಾವೇರಿಯ ನೀರನ್ನು ನೂರು ಕಿಲೋಮೀಟರ್ ದೂರದಿಂದ ಮೇಲೆತ್ತಿ ನಗರಕ್ಕೆ ತರಲಾಗುತ್ತಿದೆ. ಅದನ್ನೇ ಬಳಸಿ, ಕೊಳಕು ಮಾಡಿ, ವೃಷಭಾವತಿಗೆ ಬಿಡುತ್ತೇವೆ. ಅದು ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಮತ್ತೆ ಕಾವೇರಿಯನ್ನು ಸೇರುತ್ತದೆ. ತಾಯಿ ಕೊಟ್ಟ ಹಾಲಿಗೆ ನಾವು ಸಲ್ಲಿಸುವ ಋಣ ಇದು!

ದಾರಿಯಲ್ಲಿ ಬಿಡದಿಯ ಹತ್ತಿರ ಬೈರಮಂಗಲದ ಕೆರೆಯಿದೆ. 1940ರ ದಶಕದಲ್ಲಿ ರೈತರ ಗದ್ದೆಗಳಿಗಾಗಿ ಕಟ್ಟಿದ ಕೆರೆ. ಅಲ್ಲಿ ಸೋಪಿನ ನೊರೆ ಬೆಟ್ಟದಂತೆ ಏಳುವುದನ್ನು ಕಂಡವರಿದ್ದಾರೆ. ನೊರೆ ಗಾಳಿಗೆ ಹಾರಿಹೋದೀತು; ನೀರಿನಲ್ಲಿ ಕರಗಿದ ಲೋಹ ಹೋಗದು. ಹೂಳಿನಲ್ಲಿ, ಮಣ್ಣಿನಲ್ಲಿ ನಿಂತು, ಸೊಪ್ಪಿಗೂ ಮೇವಿಗೂ ಏರುತ್ತದೆ. ಆ ಸೊಪ್ಪು, ಆ ಹಾಲು ಮತ್ತೆ ನಗರದ ಮನೆಗಳಿಗೇ ಬರುತ್ತವೆ. ಮಾಡಿದ ಕರ್ಮ ಮಾಡಿದವನ ಬಾಗಿಲಿಗೇ ಬರುತ್ತದೆಂಬುದಕ್ಕೆ ಬೇರೆ ದೃಷ್ಟಾಂತ ಬೇಕಿಲ್ಲ.

ಕಾರ್ತಿಕದ ಕಡೆಯ ಸೋಮವಾರ ಹಳ್ಳಿಯ ರೈತರು ಹೊಸ ಕಡಲೆಕಾಯಿಯನ್ನು ಬಸವಣ್ಣನಿಗೆ ಅರ್ಪಿಸುತ್ತಾರೆ. ರೈತ ತನ್ನ ಮೊದಲ ಫಲವನ್ನು ನಗರಕ್ಕೆ ತರುತ್ತಾನೆ; ನಗರ ತನ್ನ ಕೊಳೆಯನ್ನು ರೈತನ ಗದ್ದೆಗೆ ಕಳಿಸುತ್ತದೆ. ಇದು ದಾಸೋಹವಲ್ಲ, ದ್ರೋಹ.

ಶುದ್ಧೀಕರಣ ಘಟಕಗಳಿವೆ, ಕಾನೂನೂ ಇದೆ. ಆದರೆ ಮನೆಯ ಕೊಳವೆಯನ್ನು ಒಳಚರಂಡಿಗೆ ಜೋಡಿಸದೆ ಮಳೆನೀರಿನ ರಾಜಕಾಲುವೆಗೆ ತಿರುಗಿಸಿದರೆ ಘಟಕವೇನು ಮಾಡೀತು? ರಾತ್ರಿಯಲ್ಲಿ ಕದ್ದು ನಂಜುನೀರು ಬಿಡುವ ಉದ್ಯಮಿ ಬೆಳಗ್ಗೆ ಹಣೆಗೆ ವಿಭೂತಿ ಧರಿಸಿದರೆ ಫಲವೇನು? ಕಾಯಕ ಶುದ್ಧವಾಗಿರಬೇಕೆಂದರೆ ಅದರ ಕೊಳೆಯೂ ಇನ್ನೊಬ್ಬನ ಅನ್ನಕ್ಕೆ ಬೀಳಬಾರದು.

ಭಕ್ತರು ಬಸವಣ್ಣನಿಗೆ ಕೈಮುಗಿಯುವ ಮೊದಲು ತಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ಒಮ್ಮೆ ವಿಚಾರಿಸಲಿ. ಕೆಳಗಿನ ಊರಿನವನು ಕೈಯೊಡ್ಡಿ ಕುಡಿಯಬಲ್ಲ ನೀರನ್ನು ಬಿಡುವುದೇ ನಿಜವಾದ ಪಾದೋದಕ ಸೇವೆ.